ಸಂತೆಗೆ ಬಂದ ಕಲೆ

ಒಂದೇ ಪ್ರತಿಯಿರುವ ಚಿತ್ರಕ್ಕೆ ಬೆಲೆ ಹೆಚ್ಚು. ನೂರಾರು ಪ್ರತಿಗಳಿರುವ ಚಿತ್ರಕ್ಕೆ ಬೆಲೆ ಕಡಿಮೆ. ವ್ಯಾಪಾರಕ್ಕೆ ಈ ಲೆಕ್ಕ ಒಪ್ಪಬಹುದು. ಆದರೆ ಕಲೆಯ ಹಿರಿಮೆಯನ್ನು ಅಳೆಯುವುದಕ್ಕೂ ಇದೇ ಅಳತೆಗೋಲು ಸಾಕೇ? ಬ್ರೆಜಿಲ್ ದೇಶದ ಅಚ್ಚುಚಿತ್ರ ಕಲಾವಿದ ಜೆ. ಬೋರ್ಜೆಸ್ ಅವರ ಬಾಳನ್ನು ಅರಿತವರು ಸಾಲದೆಂದೇ ಹೇಳಿಯಾರು.

ಜೋಸೆ ಫ್ರಾನ್ಸಿಸ್ಕೊ ಬೋರ್ಜೆಸ್ 1935ರಲ್ಲಿ ಈಶಾನ್ಯ ಬ್ರೆಜಿಲಿನ ಪೆರ್ನಂಬುಕೊ ರಾಜ್ಯದ ಬೆಜೆರೋಸ್ ಎಂಬ ಊರಿನಲ್ಲಿ, ಬಡ ರೈತರ ಮನೆಯಲ್ಲಿ ಜನಿಸಿದರು. ಶಾಲೆಯ ಕಲಿಕೆ ಒಂದು ವರ್ಷವೂ ನಡೆಯಲಿಲ್ಲ. ಹೊಲದ ದುಡಿಮೆ, ಬಡಗಿಯ ಕೆಲಸ, ಗಾರೆಯ ಕೆಲಸ ಎಲ್ಲವನ್ನೂ ಹೊಟ್ಟೆಪಾಡಿಗಾಗಿ ಮಾಡಿದರು. ಆ ಸೀಮೆಯ ಸಂತೆಗಳಲ್ಲಿ ಚಿಕ್ಕ ಪದ್ಯಪುಸ್ತಿಕೆಗಳನ್ನು ದಾರಕ್ಕೆ ತೂಗುಹಾಕಿ ಮಾರುವ ವಾಡಿಕೆಯಿತ್ತು. ಇವುಗಳಿಗೆ ‘ಕೊರ್ಡೆಲ್’ ಎಂದು ಹೆಸರು. ಮಾರುವವನು ಕಥೆಯನ್ನು ರಾಗವಾಗಿ ಓದುತ್ತಿದ್ದನು. ಅಕ್ಷರ ಬಾರದವರೂ ಸುತ್ತ ನೆರೆದು ಕೇಳುತ್ತಿದ್ದರು. ಬೋರ್ಜೆಸ್ ಮೊದಲು ಇಂತಹ ಪುಸ್ತಿಕೆಗಳನ್ನು ಮಾರಿದರು. 1964ರಲ್ಲಿ ತಾವೇ ಒಂದನ್ನು ರಚಿಸಿದರು. ಮುಂದಿನ ಪುಸ್ತಿಕೆಯ ಮುಖಪುಟಕ್ಕೆ ಚಿತ್ರ ಮಾಡಿಸಲು ಕೈಯಲ್ಲಿ ಹಣವಿರಲಿಲ್ಲ. ಆಗ ತಾವೇ ಮರದ ತುಂಡೊಂದರ ಮೇಲೆ ಚರ್ಚಿನ ಮುಂಭಾಗವನ್ನು ಕೆತ್ತಿದರು. ಕೊರತೆಯೇ ಅವರಿಗೆ ಗುರುವಾಯಿತು.

ಇಂತಹ ಚಿತ್ರಗಳ ಗೆರೆಗಳು ಒರಟು, ಇದು ಬರಿಯ ಕೈಕಸುಬು ಎನ್ನುವವರುಂಟು. ಕೆಲಸದ ಬಗೆಯನ್ನು ನೋಡಿದರೆ ಈ ಮಾತು ನಿಲ್ಲದು. ಕಾಗದದ ಮೇಲೆ ಬಿಳಿಯಾಗಿ ಉಳಿಯಬೇಕಾದ ಭಾಗವನ್ನು ಹಲಗೆಯಲ್ಲಿ ಕೆತ್ತಿ ತೆಗೆಯಬೇಕು. ಉಬ್ಬಿ ನಿಂತ ಭಾಗಕ್ಕೆ ಮಾತ್ರ ಮಸಿ ಹತ್ತುತ್ತದೆ. ಅಚ್ಚಿನಲ್ಲಿ ಎಡಬಲಗಳು ಅದಲುಬದಲಾಗುವುದರಿಂದ ಅಕ್ಷರಗಳನ್ನು ತಿರುಗುಮುರುಗಾಗಿ ಕೊರೆಯಬೇಕು. ತಪ್ಪಿ ಕೆತ್ತಿದ ಗೆರೆಯನ್ನು ಸುಲಭವಾಗಿ ತಿದ್ದಲಾಗದು. ಗೆರೆ ಒರಟಾಗಿ ಕಂಡರೂ ಅದರ ಹಿಂದಿನ ಎಣಿಕೆ ಸೂಕ್ಷ್ಮವಾದುದು.

ದನಗಾಹಿಗಳು, ಹಕ್ಕಿಗಳು, ಹಬ್ಬದ ಕುಣಿತ, ಬರಗಾಲದ ವಲಸೆ, ಜನರ ನಂಬಿಕೆಯ ದೆವ್ವಗಳು ಅವರ ಹಲಗೆಯ ಮೇಲೆ ಮೂಡಿದವು. 1970ರ ದಶಕದಲ್ಲಿ ಸಾಹಿತಿ ಅರಿಯಾನೊ ಸುವಸ್ಸುನಾ ಅವರ ಮೆಚ್ಚುಗೆ ದೊರೆತು, ಬೋರ್ಜೆಸರ ಹೆಸರು ದೇಶದಾದ್ಯಂತ ಹಬ್ಬಿತು. ಉರುಗ್ವೆಯ ಪ್ರಸಿದ್ಧ ಲೇಖಕ ಎಡ್ವಾರ್ಡೊ ಗಲಿಯಾನೊ 1993ರಲ್ಲಿ ಪ್ರಕಟಿಸಿದ ಕೃತಿಯೊಂದಕ್ಕೆ ಇವರ ಅಚ್ಚುಚಿತ್ರಗಳನ್ನೇ ಆರಿಸಿಕೊಂಡರು. ಕೀರ್ತಿ ಬಂದ ಮೇಲೆ ದೊಡ್ಡ ನಗರಕ್ಕೆ ಹೋಗಿ, ಸಿರಿವಂತರಿಗಾಗಿ ಮಾತ್ರ ಕೆತ್ತಬಹುದಾಗಿತ್ತು. ಬೋರ್ಜೆಸ್ ಹಾಗೆ ಮಾಡಲಿಲ್ಲ. ಬೆಜೆರೋಸಿನ ಕಾರ್ಯಶಾಲೆಯಲ್ಲಿಯೇ ಉಳಿದು, ಮಕ್ಕಳಿಗೂ ಈ ವಿದ್ಯೆಯನ್ನು ಕಲಿಸಿದರು. ಕೊರ್ಡೆಲ್ ಸಾಹಿತ್ಯವನ್ನು ಬ್ರೆಜಿಲ್ 2018ರಲ್ಲಿ ತನ್ನ ಸಾಂಸ್ಕೃತಿಕ ಪರಂಪರೆಯೆಂದು ಮನ್ನಿಸಿತು. 2024ರ ಜುಲೈಯಲ್ಲಿ, ತಮ್ಮ 88ನೆಯ ವಯಸ್ಸಿನಲ್ಲಿ, ಬೋರ್ಜೆಸ್ ಹುಟ್ಟೂರಿನಲ್ಲಿಯೇ ಕಣ್ಮುಚ್ಚಿದರು.

ವಿದ್ಯೆಯು ಹಂಚಿದರೆ ಕುಗ್ಗುವುದಿಲ್ಲವೆಂಬುದು ಹಿರಿಯರ ಮಾತು. ಅಚ್ಚಿನ ಕಲೆಯೂ ಹಾಗೆಯೇ. ನೂರನೆಯ ಪ್ರತಿಯನ್ನು ಕೊಂಡ ಕೂಲಿಯವನಿಗೂ ಮೊದಲನೆಯ ಪ್ರತಿಯನ್ನು ಕೊಂಡವನಿಗೂ ದೊರೆಯುವುದು ಅದೇ ಚಿತ್ರ, ಅದೇ ಸಂತೋಷ. ಇದು ಅಗ್ಗದ ಕಲೆಯಲ್ಲ. ಎಲ್ಲರ ಕೈಗೆಟಕುವ ಕಲೆ.