ಎರಡು ಲೆಕ್ಕದ ಪುಸ್ತಕ

ಹುಚ್ಚುನಾಯಿ ಎಂದು ನಾಲ್ಕು ಬೀದಿಗೆ ಕೇಳುವಂತೆ ಕೂಗಿದ ಮೇಲೆ ಕಲ್ಲೆಸೆಯುವವನನ್ನು ಯಾರೂ ತಡೆಯುವುದಿಲ್ಲ. ಸಣ್ಣ ರಾಷ್ಟ್ರಗಳ ವಿಷಯದಲ್ಲಿ ಅಮೆರಿಕ ಸರ್ಕಾರ ಅನೇಕ ಸಲ ಅನುಸರಿಸಿದ ನೀತಿ ಇದೇ. ಮೊದಲು ಕೂಗು, ಆಮೇಲೆ ಕಲ್ಲು. ಆ ಕೂಗಿನ ಹಿಂದೆ ಯಾರ ಲಾಭವಿತ್ತೆಂಬುದು ಜನಕ್ಕೆ ತಿಳಿಯುವ ವೇಳೆಗೆ ಹೆಣಗಳು ಮಣ್ಣಾಗಿರುತ್ತವೆ. 1954ರಲ್ಲಿ ಗ್ವಾಟೆಮಾಲದಲ್ಲಿ ನಡೆದುದನ್ನು ನಮ್ಮ ಗಿರಣಿ ಕಾರ್ಮಿಕರೂ ಸಣ್ಣ ವರ್ತಕರೂ ತಿಳಿದಿರಬೇಕೆಂದು ನಾವು ಬಯಸುತ್ತೇವೆ. ಅಲ್ಲಿನ ಜಗಳ ಇವರಿಬ್ಬರಿಗೂ ಚೆನ್ನಾಗಿ ಅರ್ಥವಾಗುವಂಥದು: ಕೂಲಿಯ ಜಗಳ, ಲೆಕ್ಕದ ಜಗಳ.

ಗ್ವಾಟೆಮಾಲ ಮೆಕ್ಸಿಕೋ ದೇಶದ ದಕ್ಷಿಣಕ್ಕಿರುವ ಸಣ್ಣ ರಾಷ್ಟ್ರ. ಅಂದು ಅಲ್ಲಿನ ಅತಿ ದೊಡ್ಡ ಭೂಮಾಲೀಕ ಅಮೆರಿಕದ ಯುನೈಟೆಡ್ ಫ್ರೂಟ್ ಎಂಬ ಬಾಳೆಹಣ್ಣಿನ ಕಂಪನಿ. ರೈಲುದಾರಿ ಅದರ ಹಿಡಿತದಲ್ಲಿ. ಅಟ್ಲಾಂಟಿಕ್ ಕಡೆಯ ಬಂದರೂ ಅದರ ಹಿಡಿತದಲ್ಲಿ. 1944ರಲ್ಲಿ ಜನ ಸರ್ವಾಧಿಕಾರಿ ಯೂಬಿಕೋನನ್ನು ಇಳಿಸಿದರು. 1947ರ ಕಾರ್ಮಿಕ ಕಾಯಿದೆ ಸಂಘ ಕಟ್ಟುವ, ಮುಷ್ಕರ ಹೂಡುವ ಹಕ್ಕನ್ನು ಕೊಟ್ಟಿತು. ಚುನಾವಣೆಯಲ್ಲಿ ಗೆದ್ದು 1951ರಲ್ಲಿ ಅಧ್ಯಕ್ಷರಾದ ಹಕೋಬೋ ಆರ್ಬೆನ್ಸ್ ಮರುವರ್ಷ ಭೂಸುಧಾರಣೆಯ ಕಾನೂನು ತಂದರು. ದೊಡ್ಡ ಹಿಡುವಳಿಗಳಲ್ಲಿ ಬೀಳುಬಿಟ್ಟ ನೆಲವನ್ನು ಪರಿಹಾರ ಕೊಟ್ಟು ಪಡೆದು, ನೆಲವಿಲ್ಲದವರಿಗೆ ಹಂಚುವುದು ಅದರ ಉದ್ದೇಶ. ಸುಮಾರು 1 ಲಕ್ಷ ಕುಟುಂಬಗಳಿಗೆ ಭೂಮಿ ದೊರೆಯಿತು.

ಜಗಳ ಹುಟ್ಟಿದ್ದು ಇಲ್ಲಿ. ಕಂಪನಿಯ ಬೀಳುಭೂಮಿಯಲ್ಲಿ ಮೊದಲು ವಶಪಡಿಸಿಕೊಂಡ ಸುಮಾರು 2 ಲಕ್ಷ 10 ಸಾವಿರ ಎಕರೆಗೆ ಸರ್ಕಾರ ಕೊಡಲೊಪ್ಪಿದ್ದು ಸುಮಾರು 6 ಲಕ್ಷ 27 ಸಾವಿರ ಡಾಲರ್. ಇದು ಸರ್ಕಾರ ಕಟ್ಟಿದ ಬೆಲೆಯಲ್ಲ. ತೆರಿಗೆಗಾಗಿ ಕಂಪನಿಯೇ ಬರೆದುಕೊಟ್ಟಿದ್ದ ಬೆಲೆ. 1954ರ ಏಪ್ರಿಲಿನಲ್ಲಿ ಕಂಪನಿಯ ಪರವಾಗಿ ಅಮೆರಿಕದ ವಿದೇಶಾಂಗ ಇಲಾಖೆ ಕೇಳಿದ್ದು 1 ಕೋಟಿ 58 ಲಕ್ಷ ಡಾಲರಿಗೂ ಮೇಲೆ. ತೆರಿಗೆಗೆ ಒಂದು ಪುಸ್ತಕ, ಪರಿಹಾರಕ್ಕೆ ಇನ್ನೊಂದು ಪುಸ್ತಕ! ಪೇಟೆಯ ಕಿರಾಣಿ ಅಂಗಡಿಯವನು ಹೀಗೆ ಮಾಡಿದರೆ ಕಟಕಟೆ ಹತ್ತಬೇಕಾಗುತ್ತದೆ. ಕಂಪನಿ ಮಾಡಿದಾಗ ಒಂದು ಬಲಾಢ್ಯ ರಾಷ್ಟ್ರದ ಸರ್ಕಾರವೇ ಅದರ ಗುಮಾಸ್ತನಾಗಿ ನಿಂತಿತು.

ಬೆಲೆಯ ಜಗಳವೆಂದು ನಿಜ ಹೇಳಿದ್ದರೆ ಅಮೆರಿಕದ ಜನ ಒಪ್ಪುತ್ತಿದ್ದರೇ? ಆದ್ದರಿಂದ ಕಮ್ಯುನಿಸಂ ಎಂಬ ಹೆಸರು ಬೇಕಾಯಿತು. ಪ್ರಚಾರವನ್ನೇ ಕಸುಬಾಗಿಸಿಕೊಂಡಿದ್ದ ಎಡ್ವರ್ಡ್ ಬರ್ನೇಸ್ ಕಂಪನಿಯ ಖರ್ಚಿನಲ್ಲಿ ಪತ್ರಕರ್ತರನ್ನು ಗ್ವಾಟೆಮಾಲಕ್ಕೆ ಕರೆದೊಯ್ಯುವ ಏರ್ಪಾಡು ಮಾಡಿದರು. ವಿದೇಶಾಂಗ ಕಾರ್ಯದರ್ಶಿ ಜಾನ್ ಫಾಸ್ಟರ್ ಡಲೆಸ್, ಗುಪ್ತಚರ ಸಂಸ್ಥೆ ಸಿ.ಐ.ಎ.ಯ ಮುಖ್ಯಸ್ಥ ಅಲೆನ್ ಡಲೆಸ್ ಅಣ್ಣತಮ್ಮಂದಿರು. ಇಬ್ಬರೂ ಹಿಂದೆ ಇದ್ದ ವಕೀಲಿ ಸಂಸ್ಥೆ ಇದೇ ಕಂಪನಿಯ ಕೆಲಸ ಮಾಡಿತ್ತು. 1954ರ ಮೇ ತಿಂಗಳಲ್ಲಿ 'ವಿಮೋಚನೆಯ ವಾಣಿ' ಎಂಬ ರೇಡಿಯೋ, ತಾನು ಗ್ವಾಟೆಮಾಲದ ಕಾಡಿನೊಳಗಿಂದ ಮಾತನಾಡುತ್ತಿರುವುದಾಗಿ ಹೇಳಿಕೊಂಡಿತು. ಅದರ ಕಾರ್ಯಕ್ರಮಗಳು ಸಿ.ಐ.ಎ. ಫ್ಲಾರಿಡಾದಲ್ಲಿ ಧ್ವನಿಮುದ್ರಿಸಿದಂಥವು! ಜೂನ್ 18ರಂದು ಕಾಸ್ತಿಯೋ ಆರ್ಮಾಸ್ ಎಂಬ ದಂಡನಾಯಕ ಕೆಲವೇ ನೂರು ಜನರೊಡನೆ ಗಡಿ ದಾಟಿದಾಗ, ಮಹಾಸೈನ್ಯವೇ ಬರುತ್ತಿದೆಯೆಂದು ರೇಡಿಯೋ ಸಾರಿತು. ಸಿ.ಐ.ಎ. ಒದಗಿಸಿದ ವಿಮಾನಗಳು ಬಾಂಬು ಹಾಕಿದವು. ಸೇನಾಧಿಕಾರಿಗಳು ಕೈಬಿಟ್ಟರು, ಜೂನ್ 27ರಂದು ಆರ್ಬೆನ್ಸ್ ರಾಜೀನಾಮೆ ಕೊಟ್ಟರು.

ಇನ್ನೊಂದು ವಿಚಿತ್ರ ಕೇಳಿ. ಐದೇ ದಿನಗಳ ಮೇಲೆ, ಜುಲೈ 2ರಂದು, ಅದೇ ಅಮೆರಿಕ ಸರ್ಕಾರದ ನ್ಯಾಯ ಇಲಾಖೆ ಅದೇ ಕಂಪನಿಯ ಮೇಲೆ ಬಾಳೆಹಣ್ಣಿನ ವ್ಯಾಪಾರದಲ್ಲಿ ಏಕಸ್ವಾಮ್ಯ ನಡೆಸಿದ್ದಕ್ಕಾಗಿ ದಾವೆ ಹೂಡಿತು. ಕಂಪನಿಯ ಬಿಗಿಮುಷ್ಟಿಯಿಂದ ತಮ್ಮ ನಾಡಿನ ವರ್ತಕನನ್ನು ಅವರು ಕಾಪಾಡಿದರೆ ಅದು ಕಾನೂನು. ಗ್ವಾಟೆಮಾಲದವರು ತಮ್ಮ ರೈತನನ್ನು ಕಾಪಾಡಿದರೆ ಅದು ಕಮ್ಯುನಿಸಂ!

ಆರ್ಬೆನ್ಸರಿಗೆ ಕಮ್ಯುನಿಸ್ಟರ ಬೆಂಬಲವಿರಲಿಲ್ಲವೇ, ಝೆಕೊಸ್ಲೊವಾಕಿಯದಿಂದ ಶಸ್ತ್ರ ತರಿಸಲಿಲ್ಲವೇ ಎಂದು ಕೇಳುವವರಿದ್ದಾರೆ. ಹೌದು, ಎರಡೂ ನಿಜ. ಆದರೆ ಶಾಸನಸಭೆಯಲ್ಲಿ ಕಮ್ಯುನಿಸ್ಟರಿದ್ದುದು 4 ಮಂದಿ. ಮಂತ್ರಿಮಂಡಲದಲ್ಲಿ ಒಬ್ಬನೂ ಇಲ್ಲ. ಶಸ್ತ್ರ ಮಾರಲು ಅಮೆರಿಕ ವರ್ಷಗಟ್ಟಲೆ ನಿರಾಕರಿಸಿದ ಮೇಲೆ ಅವರು ಬೇರೆ ಅಂಗಡಿಗೆ ಹೋದರು. 1956ರಲ್ಲಿ ರಷ್ಯ ಹಂಗೇರಿಯೊಳಕ್ಕೆ ಟ್ಯಾಂಕುಗಳನ್ನು ನುಗ್ಗಿಸಿದ್ದನ್ನೂ ನಾವು ಸಮರ್ಥಿಸುವುದಿಲ್ಲ. ಆದರೆ ಒಂದು ಅನ್ಯಾಯ ಇನ್ನೊಂದು ಅನ್ಯಾಯಕ್ಕೆ ರಸೀದಿಯಾಗಲಾರದು.

ಗೆದ್ದವರು ಮಾಡಿದ್ದೇನು? ಹಂಚಿದ ಭೂಮಿಯನ್ನು ಕಿತ್ತುಕೊಂಡರು, ಸಂಘಗಳನ್ನು ಮುರಿದರು, ಅಕ್ಷರ ಬಾರದವರ ಮತವನ್ನೇ ಕಸಿದರು. 1960ರಿಂದ 1996ರವರೆಗೆ ಅಂತರ್ಯುದ್ಧ ನಡೆಯಿತು. ವಿಶ್ವಸಂಸ್ಥೆಯ ಬೆಂಬಲದಿಂದ ರಚಿತವಾದ ಸತ್ಯಶೋಧನಾ ಆಯೋಗ 1999ರಲ್ಲಿ ಕೊಟ್ಟ ಅಂದಾಜಿನಂತೆ ಸತ್ತವರು, ಕಣ್ಮರೆಯಾದವರು ಸೇರಿ 2 ಲಕ್ಷಕ್ಕೂ ಹೆಚ್ಚು ಮಂದಿ. ಗುರುತು ಸಿಕ್ಕವರಲ್ಲಿ ನೂರಕ್ಕೆ 83 ಜನ ಮಾಯಾ ಮೂಲನಿವಾಸಿಗಳು. ಆಯೋಗ ದಾಖಲಿಸಿದ ದೌರ್ಜನ್ಯಗಳಲ್ಲಿ ನೂರಕ್ಕೆ 93 ಸರ್ಕಾರಿ ಪಡೆಗಳು ಮತ್ತು ಅವುಗಳ ಸಹಾಯಕ ಗುಂಪುಗಳು ನಡೆಸಿದಂಥವು. ಅಂಥ ಪಡೆಗಳಿಗೆ ಬೆಂಬಲ ಕೊಟ್ಟದ್ದು ತಪ್ಪೆಂದು ಅಧ್ಯಕ್ಷ ಕ್ಲಿಂಟನ್ ಆ ವರ್ಷ ಒಪ್ಪಿಕೊಂಡರು. ಆರ್ಬೆನ್ಸ್ ಸರ್ಕಾರ ಉರುಳಿ ಅಷ್ಟರಲ್ಲಿ 45 ವರ್ಷಗಳಾಗಿದ್ದವು.

ತಪ್ಪೊಪ್ಪಿಗೆ ಯಾವಾಗಲೂ ತಡ. ಕೂಗು ಮಾತ್ರ ಹೊತ್ತಿಗೆ ಮುಂಚೆ. 2003ರಲ್ಲಿ ಇರಾಕಿನ ಬಳಿ ಸಾಮೂಹಿಕ ವಿನಾಶದ ಅಸ್ತ್ರಗಳಿವೆಯೆಂದು ಲೋಕಕ್ಕೆಲ್ಲ ಸಾರಿ ದಂಡೆತ್ತಿ ಹೋದರು. ದೇಶ ಹಾಳಾದ ಮೇಲೂ ಅವರು ಹೇಳಿದ ದಾಸ್ತಾನು ಸಿಗಲಿಲ್ಲ.

ಅಮೆರಿಕದ ಜನರ ಮೇಲೆ ನಮಗೆ ದ್ವೇಷವಿಲ್ಲ. ಸುಳ್ಳನ್ನು ಮೊದಲು ನುಂಗಿಸಿದ್ದು ಅವರಿಗೇ. ನಮ್ಮ ಓದುಗರಲ್ಲಿ ನಾವು ಕೇಳುವುದು ಇಷ್ಟೆ. ಯಾವುದೋ ಸಣ್ಣ ದೇಶವನ್ನು ಲೋಕಕಂಟಕವೆಂದು ಪತ್ರಿಕೆಗಳು ಒಂದೇ ದನಿಯಲ್ಲಿ ಕೂಗತೊಡಗಿದಾಗ, ಅಲ್ಲಿ ಯಾರ ಕೂಲಿ ಏರಿತು, ಯಾರ ನೆಲ ಹೋಯಿತು, ಯಾರ ಲಾಭ ಇಳಿಯಿತು ಎಂದು ಮೊದಲು ವಿಚಾರಿಸಿ. ಸಂಘ ಕಟ್ಟಿದ ಕಾರ್ಮಿಕನಿಗೆ ಮಾಲೀಕರು ಇಡುವ ಹೆಸರುಗಳನ್ನು ನೀವು ಕೇಳಿಯೇ ಇದ್ದೀರಿ. ಅದೇ ಹೆಸರನ್ನು ಒಂದು ರಾಷ್ಟ್ರಕ್ಕೆ ಇಟ್ಟಾಗ ಗುರುತು ಹಿಡಿಯುವುದು ನಿಮಗೆ ಕಷ್ಟವಾಗಬಾರದು.