ಮುರಿದ ಗಾಳದ ಕೋಲು ಒಗೀಬ್ಯಾಡ್ರಿ, ಸೈಕಲ್ ಕಡ್ಡೀನೂ ತುರುಕಬ್ಯಾಡ್ರಿ

ನಮ್ಮ ನಾಲತವಾಡ ಕಡೆ ಒಂದು ವಿಚಿತ್ರ ನೋಡಾಕತ್ತೀನ್ರಿ. ಕೂರಿಗಿ ಸೀಳಿದ್ರ ತಂತಿ ಬಿಗಿದು ಇನ್ನೊಂದು ಬಿತ್ತಗಿ ತಗೀತೀವಿ. ಬಾರಕೋಲು ಬಿರುಕು ಬಿಟ್ರ ದಾರ ಸುತ್ತತೀವಿ. ಆದ್ರ ಹುಡುಗರ ಫೈಬರ್ ಗಾಳದ ಕೋಲು ಮುರೀತಂದ್ರ ಬದುವಿಗೆ ಒಗದು ಹೊಸಾದು ತರಸ್ತಾರ. ಒಂದು ದಿನದ ಕೂಲಿ ಅಲ್ಲಿಗೆ ಹೋತು.

1982ರಲ್ಲಿ ನಾರಾಯಣಪುರದ ಬಸವಸಾಗರ ಮುಗಿದ ಮ್ಯಾಲೆ ಕೃಷ್ಣೆಯ ಹಿನ್ನೀರು ನಮ್ಮ ತಾಲ್ಲೂಕಿನ ಹೊಲಗಳ ದಂಡಿಗೆ ಬಂದು ನಿಂತೈತಿ. ಸಂಜೀಕ ಗಾಳ ಹಾಕೂದು ಎಷ್ಟೋ ಮನ್ಯಾಗ ಬರೇ ಹವ್ಯಾಸ ಅಲ್ಲ, ರಾತ್ರಿ ಊಟದ ಸಾರು. ಹಂಗಾಗಿ ಕೋಲು ರಿಪೇರಿ ಸಣ್ಣ ಮಾತಲ್ಲ ಅನ್ನೂದು ನನ್ನ ಅಭಿಪ್ರಾಯ.

ಕೆಲವರು ರಿಪೇರಿ ಮಾಡ್ತಾರ, ಆದ್ರ ಟೊಳ್ಳಿನೊಳಗ ಸೈಕಲ್ ಕಡ್ಡಿ ತುರುಕಿ ಮ್ಯಾಲೆ ಫೆವಿಕ್ವಿಕ್ ಬಿಡ್ತಾರ. ಕೋಲಿನ ಜೀವ ಇರೂದೇ ಬಾಗೂದ್ರಾಗ. ಕಬ್ಬಿಣದ ಕಡ್ಡಿ ಕೋಲಿನಂಗ ಬಾಗಂಗಿಲ್ಲ. ಭಾರ ಎಲ್ಲಾ ಕಡ್ಡಿ ಮುಗಿಯೂ ಜಾಗಕ್ಕ ಬಿದ್ದು, ಮುಂದಿನ ಮೀನಿಗೆ ಅಲ್ಲೇ ಮತ್ತ ಮುರೀತೈತಿ. ಫೆವಿಕ್ವಿಕ್ ಒಣಗಿದ್ರ ಪೆಡಸು, ಬಾಗಿದ್ರ ಚಟ್ಟಂತ ಬಿಡ್ತೈತಿ.

ಒಳಗ ಹಾಕೂ ತುಂಡೂ ಫೈಬರ್ ಇರಬೇಕು. ಇನ್ನೊಂದು ಮುರಿದ ಕೋಲಿನ ತುದಿ ಛಲೋ. ಅದು ಸಿಗಲಿಲ್ಲಂದ್ರ ಒಣಗಿದ ಬಿದಿರು ಸಣ್ಣಗ ಕೆತ್ತಿ ಹಾಕ್ರಿ. ಜಜ್ಜಿ ಸೀಳಿದ ಭಾಗ ಮೊದಲು ಬ್ಲೇಡಿನಿಂದ ಕತ್ತರಸ್ರಿ, ಅರ್ಧ ಗೇಣು ಕಡಿಮಿ ಆದ್ರ ಏನೂ ಆಗಂಗಿಲ್ಲ. ತುಂಡು ಎರಡೂ ಕಡೆ ಮೂರ್ಮೂರು ಇಂಚು ಒಳಗ ಹೋಗಲಿ, ಅಲುಗಾಡಬಾರದು. ಸ್ಯಾಂಡ್ ಪೇಪರ್ ತಿಕ್ಕುವಾಗ ನೀರು ಹಚ್ಚಿ ತಿಕ್ರಿ, ಬಾಯಿಗೆ ವಸ್ತ್ರ ಕಟ್ಕೊರಿ. ಆ ಧೂಳು ಗಾಜಿನ ಪುಡಿ, ಜ್ವಾಳದ ಸುಂಕಿಗಿಂತ ಕೆಟ್ಟದ್ದು.

ಎರಡು ಟ್ಯೂಬಿನ ಅರಾಲ್ಡೈಟ್ ಸಮ ಕಲಸಿ ಹಚ್ರಿ, ಒಂದು ದಿನ ಪೂರ್ತಿ ಮುಟ್ಟಬ್ಯಾಡ್ರಿ. ಆಮ್ಯಾಲೆ ಕೂಡಿಸಿದ ಜಾಗದ ಎರಡೂ ಕಡೆ ದಾಟುವಂಗ ಗಟ್ಟಿ ದಾರ ಒತ್ತೊತ್ತಾಗಿ ಸುತ್ತಿ, ಮ್ಯಾಲೆ ತೆಳುವಾಗಿ ಅದೇ ಅಂಟು ಸವರ್ರಿ. ದಾರ ಸುತ್ತೂದು ನಮ್ಮ ಹಿರಿಯರಿಗೆ ಹೇಳಿಕೊಡಬೇಕಿಲ್ಲ. ಹುಡುಗರು ಅವರ ಹತ್ರ ಕುಂತು ಕಲೀಲಿ.

ಆದ್ರ ಒಂದು ತೊಡಕು ಐತಿ, ಇದನ್ನ ಯಾರೂ ಹೇಳಂಗಿಲ್ಲ. ಒಂದರೊಳಗೊಂದು ಜಾರಿ ಮಡಚೂ ಕೋಲಾದ್ರ, ದಾರ ಸುತ್ತಿದ ಮ್ಯಾಲೆ ಆ ತುಂಡು ಒಳಗ ಹೋಗಂಗಿಲ್ಲ. ಮಡಚಲಾರದ ಉದ್ದ ಕೋಲು ಹೆಗಲ ಮ್ಯಾಲೆ ನೆಟ್ಟಗ ಹಿಡಕೊಂಡು ಹೊಲ ದಾಟ್ತೀರಿ. ಹಿನ್ನೀರಿನ ದಂಡಿಗುಂಟ ಪಂಪ್‌ಸೆಟ್ಟಿನ ತಂತಿ ಎಷ್ಟು ಜೋತು ಬಿದ್ದಾವ ನೋಡೀರಲ್ಲ? ಗಾಜಿನ ಫೈಬರಿನೊಳಗ ಕರೆಂಟು ಹರಿಯಂಗಿಲ್ಲ ಖರೆ, ಆದ್ರ ನೀರು ಹತ್ತಿದ ಕೋಲು ನಂಬಬ್ಯಾಡ್ರಿ. ಕಾರ್ಬನ್ ಕೋಲಾದ್ರಂತೂ ಸೀದಾ ಕೈಗೇ ಕರೆಂಟು. ರಿಪೇರಿ ಮಾಡಿದ ಕೋಲನ್ನ ನೆಲಕ್ಕ ಸಮ ಅಡ್ಡ ಹಿಡಕೊಂಡು ಹೋಗ್ರಿ, ತಂತಿ ಕೆಳಗ ನಿಂತು ಗಾಳ ಬೀಸಬ್ಯಾಡ್ರಿ.