ಬಾನೆಟ್ಟಿನ ಕೆಳಗಿನ ಬಣ್ಣ, ಬಿಲ್ಲಿನ ಕೊನೆಯ ಸಾಲು

‘ಬಾನೆಟ್ ಕೆಳಗಿರೋದನ್ನ ಯಾರು ನೋಡ್ತಾರೆ?’ ಹಳೆಯ ಕಾರಿನ ಎಂಜಿನ್ ಮೇಲಿರುವ ಟ್ಯಾಪೆಟ್ ಕವರಿಗೆ ಮನೆಯಲ್ಲೇ ಬಣ್ಣ ಹೊಡೆಯುತ್ತೇನೆ ಎಂದವರಿಗೆ ಎದುರಾಗುವ ಮೊದಲ ಪ್ರಶ್ನೆ ಇದು. ಅದರ ಬೆನ್ನಿಗೇ ಬರುವ ಸಲಹೆ: ‘ಗ್ಯಾರೇಜ್ ಹುಡುಗನಿಗೆ 200 ರೂಪಾಯಿ ಬಿಸಾಕಿದ್ರೆ ಮಾಡ್ಕೊಡ್ತಾನಲ್ಲ.’ ನನ್ನ ಜಗಳ ಇರುವುದು ಈ ಸಲಹೆಯ ಜೊತೆ, ಅದರಲ್ಲೂ ‘ಬಿಸಾಕು’ ಎಂಬ ಪದದ ಜೊತೆ.

ಮೊದಲ ಪ್ರಶ್ನೆಗೆ ಉತ್ತರ ಸುಲಭ. ಎಂಜಿನ್ ಸ್ವಚ್ಛವಾಗಿದ್ದರೆ ಗ್ಯಾಸ್ಕೆಟ್ಟಿನ ಅಂಚಿನಲ್ಲಿ ಎಣ್ಣೆ ಜಿನುಗಿದ್ದು ಕೂಡಲೇ ಕಣ್ಣಿಗೆ ಬೀಳುತ್ತದೆ. ವರ್ಷಗಟ್ಟಲೆ ಕಟ್ಟಿದ ಮಸಿಯ ಮೇಲೆ ಹೊಸ ಸೋರಿಕೆ ಗೊತ್ತೇ ಆಗುವುದಿಲ್ಲ. ಇನ್ನು ಅಂದದ ಮಾತು. ಇಟಲಿಯ ಫೆರಾರಿಯವರು ಎಂಜಿನ್ನಿನ ಕವರುಗಳಿಗೆ ಕೆಂಪು ಬಳಿದು, ಆ ಕಾರಿಗೆ ‘ಟೆಸ್ಟಾ ರೋಸಾ’, ಅಂದರೆ ‘ಕೆಂಪು ತಲೆ’ ಎಂದೇ ಹೆಸರಿಟ್ಟರು. ಅವರು ಮಾಡಿದರೆ ಕಲೆ, ಮನೆಯ ಹಿತ್ತಲಲ್ಲಿ ನಾವು ಮಾಡಿದರೆ ಕೆಲಸವಿಲ್ಲದವರ ಕೆಲಸ!

ಈಗ ಆ ‘200 ರೂಪಾಯಿಯ ಕೆಲಸ’ ಏನೆಂದು ನೋಡಿ. ಕವರ್ ಬಿಚ್ಚಬೇಕು. ತೆರೆದ ಎಂಜಿನ್ನಿನೊಳಗೆ ಧೂಳು ಬೀಳದಂತೆ ಶುಭ್ರ ಬಟ್ಟೆ ಮುಚ್ಚಬೇಕು. ಸೀಮೆಎಣ್ಣೆಯಲ್ಲೋ ಡೀಸೆಲ್ಲಿನಲ್ಲೋ ಜಿಡ್ಡು ತೊಳೆದು, ಮತ್ತೆ ಸೋಪಿನ ನೀರಿನಲ್ಲಿ ಉಜ್ಜಬೇಕು. ಬೇಗ ಮುಗಿಯಲೆಂದು ಕಾಸ್ಟಿಕ್ ಸೋಡಾ ಸುರಿಯುವಂತಿಲ್ಲ; ಅದು ಅಲ್ಯೂಮಿನಿಯಮ್ಮನ್ನೇ ತಿನ್ನುತ್ತದೆ. ಮರಳು ಊದಿ ಸ್ವಚ್ಛ ಮಾಡಿಸಿದರೆ ಕವರಿನ ಒಳತಗಡಿನ ಸಂದಿಯಲ್ಲಿ ಉಳಿದ ನಾಲ್ಕು ಹರಳು ಎಣ್ಣೆಗೆ ಸೇರಿ ಬೇರಿಂಗುಗಳನ್ನು ಕೆರೆಯಬಲ್ಲವು. ಹಾಗಾಗಿ ಕೈಯೇ ಗತಿ. 120ರ ಎಮರಿ ಪೇಪರಿನಿಂದ ಶುರುಮಾಡಿ 240, 320 ಎಂದು ಮೂಲೆಮೂಲೆಯನ್ನೂ ತಿಕ್ಕಬೇಕು. ಗ್ಯಾಸ್ಕೆಟ್ ಕೂರುವ ಅಂಚಿಗೆ ಬಣ್ಣ ತಾಗದಂತೆ ಟೇಪ್ ಅಂಟಿಸಬೇಕು. ಆಮೇಲೆ ಅಲ್ಯೂಮಿನಿಯಮ್ಮಿಗೆ ಹಿಡಿಯುವ ಪ್ರೈಮರ್, ಅದರ ಮೇಲೆ ಶಾಖ ತಡೆಯುವ ಬಣ್ಣ. ಅದೂ ಒಂದೇ ಸಲ ದಪ್ಪಗೆ ಅಲ್ಲ. ತೆಳ್ಳಗೆ, ನಡುನಡುವೆ ಆರಲು ಬಿಟ್ಟು. ಓಡುವ ಎಂಜಿನ್ನಿನ ಎಣ್ಣೆ 100 ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸಿಗೆ ಏರುತ್ತದೆ. ಕೆಳಗೆ ಒಂದು ಬೆರಳಿನಷ್ಟು ಜಿಡ್ಡು ಉಳಿದಿದ್ದರೂ ಬಣ್ಣ ಅಲ್ಲೇ ಎದ್ದು ಬರುತ್ತದೆ. ಬಣ್ಣ ಹೊಡೆಯುವುದು ಅರ್ಧ ಗಂಟೆಯ ಮಾತು. ಉಳಿದದ್ದೆಲ್ಲ ಯಾರ ಕಣ್ಣಿಗೂ ಕಾಣದ ಎರಡು ದಿನದ ದುಡಿಮೆ.

ಕಾಣದಿರುವುದು ದುಡಿಮೆ ಮಾತ್ರವಲ್ಲ. ಹಾರ್ಡನರ್ ಬೆರೆಸಿ ಹೊಡೆಯುವ ಪಾಲಿಯುರೆಥೇನ್ ಬಣ್ಣದಲ್ಲಿ ಐಸೋಸಯನೇಟ್ ಎಂಬ ರಾಸಾಯನಿಕವಿರುತ್ತದೆ. ಅದು ಅಸ್ತಮಾ ತರಬಲ್ಲದು. ಒಮ್ಮೆ ದೇಹ ಅದಕ್ಕೆ ತಿರುಗಿಬಿತ್ತೆಂದರೆ ಮುಂದೆ ಚೂರು ಸೋಕಿದರೂ ಉಸಿರು ಕಟ್ಟಬಹುದು. ಮನೆಯಲ್ಲಿ ವರ್ಷಕ್ಕೊಮ್ಮೆ ಒಂದು ಡಬ್ಬಿ ಸ್ಪ್ರೇ ಹಿಡಿಯುವ ನಾವು ಕಿಟಕಿ ತೆರೆದಿಟ್ಟು, ಮಕ್ಕಳನ್ನು ದೂರ ಕಳಿಸಿ, ಮುಖಕ್ಕೆ ಮಾಸ್ಕ್ ಹಾಕಿಕೊಳ್ಳುತ್ತೇವೆ. ತಗಡಿನ ಶೆಡ್ಡಿನಲ್ಲಿ ದಿನವಿಡೀ ಗನ್ ಹಿಡಿದು ನಿಲ್ಲುವವನ ಮೂಗಿಗೆ ಎಷ್ಟೋ ಕಡೆ ಇರುವುದು ಒಂದು ಕರ್ಚೀಫು. ಬಟ್ಟೆ ಈ ಆವಿಯನ್ನು ತಡೆಯುವುದಿಲ್ಲ. ‘ಕೈ ಕೆಸರಾದರೆ ಬಾಯಿ ಮೊಸರು’ ಎನ್ನುತ್ತೇವೆ. ಗಾದೆಯಲ್ಲಿ ಕೈಯೂ ಬಾಯಿಯೂ ಒಬ್ಬನವೇ. ಗ್ಯಾರೇಜಿನಲ್ಲಿ ಹಾಗಲ್ಲ.

ಸರ್ವಿಸ್ ಬಿಲ್ಲನ್ನೇ ತೆಗೆದುಕೊಳ್ಳಿ. ಬಿಡಿಭಾಗಗಳ ಮೇಲೆ ಎಂಆರ್‌ಪಿ ಅಚ್ಚಾಗಿರುತ್ತದೆ, ನಾವು ತುಟಿ ಬಿಚ್ಚುವುದಿಲ್ಲ. ಕೊನೆಗೆ ‘ಲೇಬರ್’ ಎಂಬ ಸಾಲು ಬಂದೊಡನೆ ನಮ್ಮೊಳಗಿನ ಶೆಟ್ಟಿ ಎದ್ದು ಕೂರುತ್ತಾನೆ: ‘ಏನಪ್ಪಾ, ಬರೀ ಬಣ್ಣಕ್ಕೆ ಇಷ್ಟಾ?’ ಸ್ವತಂತ್ರ ಗ್ಯಾರೇಜುಗಳಿಗೆ ಅಸಲಿ ಬಿಡಿಭಾಗ ಮತ್ತು ದೋಷ ಪತ್ತೆಯ ಉಪಕರಣ ಸರಿಯಾಗಿ ಸಿಗದಂತೆ ಮಾಡಿದ್ದಕ್ಕೆ ಭಾರತೀಯ ಸ್ಪರ್ಧಾ ಆಯೋಗವು 2014ರ ಆಗಸ್ಟಿನಲ್ಲಿ 14 ಕಾರು ಕಂಪನಿಗಳಿಗೆ ಒಟ್ಟು 2,500 ಕೋಟಿ ರೂಪಾಯಿಗೂ ಮೀರಿದ ದಂಡ ವಿಧಿಸಿತು. ಆ ಕಂಪನಿಗಳ ಶೋರೂಮಿನಲ್ಲಿ ನಮ್ಮ ಚೌಕಾಸಿಗೆ ದನಿಯಿಲ್ಲ. ರಸ್ತೆ ಬದಿಯ ಶೆಡ್ಡಿನೆದುರು ಎಲ್ಲಿಲ್ಲದ ಧೈರ್ಯ.

ಹಾಗೆಂದು ‘ಎಲ್ಲ ನಾವೇ ಮಾಡ್ಕೋಬಹುದು, ಮೆಕ್ಯಾನಿಕ್‌ಗಳೆಲ್ಲ ಮೋಸಗಾರರು’ ಎನ್ನುವವರ ಗುಂಪಿಗೂ ನಾನು ಸೇರಿದವನಲ್ಲ. ಒಂದು ಕವರಿಗೆ ಬಣ್ಣ ಹೊಡೆದು ಫೋಟೋ ಹಾಕಿ, ‘ಇಷ್ಟಕ್ಕೆ ದುಡ್ಡು ಕೇಳ್ತಾರೆ’ ಎಂದು ಬರೆಯುವವರು ಎರಡು ದಿನ ತಿಕ್ಕಿಯೂ ಏನೂ ಕಲಿತಿಲ್ಲ ಎಂದೇ ಅರ್ಥ. ತಮ್ಮ ಬಿಡುವಿನ ಎರಡು ದಿನಕ್ಕೆ ಅವರು ಬೆಲೆ ಕಟ್ಟಿಲ್ಲ. ಅವನಿಗೆ ಅದು ಬಿಡುವಲ್ಲ, ಅನ್ನ.

ನಾನಿರುವ ವಿಶ್ವವಿದ್ಯಾಲಯದ ಲೋಕವೂ ಇದರಿಂದ ಹೊರತಲ್ಲ. ನಮ್ಮ ವಿಚಾರಸಂಕಿರಣಗಳಲ್ಲಿ ‘ಶ್ರಮ’, ‘ದೇಹ’, ‘ಕಾಯಕ’ ಎಂಬ ಪದಗಳಿಗೆ ಬರವಿಲ್ಲ. ವೇದಿಕೆಯಿಂದ ಇಳಿದು ಗಾಡಿ ತರಲು ಹೋದಾಗ, ಸ್ಪ್ಯಾನರ್ ಹಿಡಿದ ನಲವತ್ತರ ಗಂಡಸೂ ನಮಗೆ ‘ಹುಡುಗ’, ಏಕವಚನ. ಕೈ ಮಸಿ ಮಾಡಿಕೊಳ್ಳುವವರನ್ನು ಹೊರಗೆ ನಿಲ್ಲಿಸಿ, ಹಾಳೆ ಮುಟ್ಟುವವರನ್ನು ಒಳಗೆ ಕರೆದ ಜಾತಿಯ ಲೆಕ್ಕ ನಮ್ಮ ನಾಲಿಗೆಯಲ್ಲಿ ಇನ್ನೂ ಚುಕ್ತಾ ಆಗಿಲ್ಲ. ಆಯುಧಪೂಜೆಯ ದಿನ ಬಾನೆಟ್ ಎತ್ತಿ ಎಂಜಿನ್ನಿಗೆ ಕುಂಕುಮ ಇಡುತ್ತೇವೆ. ಆ ಎಂಜಿನ್ನನ್ನು ವರ್ಷವಿಡೀ ಮುಟ್ಟುವ ಕೈಗೆ ‘ನೀವು’ ಎನ್ನಲೂ ಹಿಂಜರಿಕೆ.

ಆದ್ದರಿಂದ ಓದುವವರಿಗೆ, ಬರೆಯುವವರಿಗೆ ನನ್ನದೊಂದು ತಗಾದೆ. ಒಮ್ಮೆಯಾದರೂ ಒಂದು ಟ್ಯಾಪೆಟ್ ಕವರನ್ನು ಜಿಡ್ಡಿನಿಂದ ಬಣ್ಣದವರೆಗೆ ನೀವೇ ಮಾಡಿ. ದುಡ್ಡು ಉಳಿಸಲಿಕ್ಕಲ್ಲ, ಬೆಲೆ ತಿಳಿಯಲಿಕ್ಕೆ. ಮುಂದಿನ ಸಲ ಗ್ಯಾರೇಜಿಗೆ ಹೋದಾಗ ಲೇಬರ್ ಎಂದು ಬರೆದಷ್ಟನ್ನು ಎಣಿಸಿ ಅವರ ಕೈಗಿಡಿ. ಪೇಂಟ್ ಶೆಡ್ಡಿನಲ್ಲಿ ಆವಿ ತಡೆಯುವ ಮಾಸ್ಕ್ ಇದೆಯೇ ಎಂದು ಮಾಲೀಕರನ್ನು ಕೇಳಿ. ಇಲ್ಲವೆಂದರೆ, ಬಿಲ್ಲಿನಲ್ಲಿ ಅದರ ಹೆಸರಿಗೂ ಒಂದು ಸಾಲು ಸೇರಿಸಲು ಹೇಳಿ. ಆ ಸಾಲಿಗೂ ಚೌಕಾಸಿ ಬೇಡ.